ಗ್ರಹಣದ ಹೊತ್ತಿಗೆ ಹೃದಯ ಕಟ್ಟಿ ಮುಗಿದಿತ್ತು

ಓದುಗರ ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಮೂರು ಎಕರೆ ಕಾಫಿ ತೋಟ. ನಾಲ್ಕು ತಿಂಗಳ ಮಗಳಿದ್ದಾಳೆ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಡಾಕ್ಟರು ಎದೆಯಲ್ಲಿ ಬೇರೆ ಸದ್ದು ಕೇಳಿಸುತ್ತಿದೆ ಎಂದು ಹಾಸನಕ್ಕೆ ಕಳಿಸಿದರು. ಅಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿ, ‘ಟೆಟ್ರಾಲಜಿ ಆಫ್ ಫ್ಯಾಲೋ, ಹೃದಯದಲ್ಲಿ ನಾಲ್ಕು ದೋಷಗಳಿವೆ’ ಎಂದರು. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ ಎಂದೇ ಬರೆದಿದ್ದರು. ತಾಯಿ ಕಾರ್ಡ್‌ನಲ್ಲಿ ಕೊನೆಯ ಮುಟ್ಟಿನ ದಿನ 2025ರ ಜೂನ್ 1 ಎಂದಿದೆ. ಬಸಿರೆಂದು ಗೊತ್ತಿಲ್ಲದೆ ಜೂನ್ ಕೊನೆಗೆ ಮೆಣಸಿನ ಬಳ್ಳಿಗೆ ಬೋರ್ಡೊ ದ್ರಾವಣ ಹೊಡೆಯುವಲ್ಲಿ ಎರಡು ದಿನ ನೀರು ಹೊತ್ತೆ. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಿದ್ದೆ. ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಅಂಗಳಕ್ಕೆ ಬಂದೆನೆಂದು ಅತ್ತೆ ಇವತ್ತಿಗೂ ಆಡುತ್ತಾರೆ. ನನ್ನ ಗಂಡ ನನ್ನ ಸೋದರಮಾವನ ಮಗ. ಇದರಲ್ಲಿ ಯಾವುದರಿಂದ ಹೀಗಾಯಿತು? ಇನ್ನೊಂದು ಮಗುವಾದರೆ ಅದಕ್ಕೂ ಬರುತ್ತದೆಯೇ?

ಉತ್ತರ: ಮೊದಲು ನೀವು ಕೊಟ್ಟ ದಿನಾಂಕಗಳನ್ನೇ ಹಿಡಿಯೋಣ. ನಿಮ್ಮ ಅರ್ಧ ಸಂಕಟಕ್ಕೆ ಉತ್ತರ ಅಲ್ಲೇ ಇದೆ.

ಡಾಕ್ಟರು ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಭ್ರೂಣದ ನಿಜವಾದ ವಯಸ್ಸು ಶುರುವಾಗುವುದು ಅದಕ್ಕಿಂತ ಸುಮಾರು ಎರಡು ವಾರ ತಡವಾಗಿ, ಅಂಡ ಫಲಿತವಾದ ದಿನದಿಂದ. ನಿಮ್ಮ ಮುಟ್ಟು 28 ದಿನಕ್ಕೊಮ್ಮೆ ಬರುತ್ತಿತ್ತು ಎಂದಿಟ್ಟುಕೊಂಡರೆ ಆ ದಿನ ಜೂನ್ 15ರ ಆಸುಪಾಸು. ಮುಂದಿನ ಮುಟ್ಟು ಬರಬೇಕಾಗಿದ್ದದ್ದು ಜೂನ್ 29ಕ್ಕೆ. ಹೃದಯವಾಗಬೇಕಾದ ಜೀವಕೋಶಗಳು ಒಂದು ಕಡೆ ಸೇರತೊಡಗುವುದು 16ರಿಂದ 18ನೇ ದಿನಕ್ಕೆ, ಅಂದರೆ ಜುಲೈ 1ರಿಂದ 3. ಮೊದಲ ಮಿಡಿತ 22ನೇ ದಿನದ ಹೊತ್ತಿಗೆ, ಜುಲೈ 7ಕ್ಕೆ. ಆಗ ನಿಮ್ಮ ಮುಟ್ಟು ತಪ್ಪಿ ಎಂಟು ದಿನ. ನಾಲ್ಕು ಕೋಣೆ, ನಡುಗೋಡೆ, ಕವಾಟ, ಎರಡು ದೊಡ್ಡ ರಕ್ತನಾಳ ಎಲ್ಲ ಸೇರಿ ಹೃದಯದ ಆಕಾರ ಪೂರ್ತಿಯಾಗುವುದು 56ನೇ ದಿನಕ್ಕೆ, ಆಗಸ್ಟ್ 10ರ ಹೊತ್ತಿಗೆ. ಆವತ್ತು ಮಗು ತಲೆಯಿಂದ ಪೃಷ್ಠದವರೆಗೆ ಸುಮಾರು 3 ಸೆಂಟಿಮೀಟರ್.

ಗ್ರಹಣ ಬಂದದ್ದು ಸೆಪ್ಟೆಂಬರ್ 7ಕ್ಕೆ, ಹೃದಯ ಕಟ್ಟಿ ಮುಗಿದು ನಾಲ್ಕು ವಾರದ ಮೇಲೆ. ಅದಕ್ಕೂ ಮಗಳ ಹೃದಯಕ್ಕೂ ಸಂಬಂಧವಿಲ್ಲ. ಗ್ರಹಣದಿಂದ ಹೃದಯದೋಷ ಬರುವುದೇ ಇಲ್ಲ. ಅದನ್ನು ಬದಿಗಿಟ್ಟರೂ ದಿನಾಂಕವೇ ತಾಳೆಯಾಗುವುದಿಲ್ಲ. ಈ ಲೆಕ್ಕವನ್ನು ಅತ್ತೆಯವರಿಗೆ ಕ್ಯಾಲೆಂಡರ್ ಮುಂದಿಟ್ಟು ತೋರಿಸಿ. ಬೋರ್ಡೊ ಮತ್ತು ಕಾಫಿಯ ಮಾತು ಬೇರೆ. ಅವೆರಡೂ ನಿಜವಾಗಿ ಆ ಎಂಟು ವಾರದೊಳಗೆ ಬೀಳುತ್ತವೆ, ಹಾಗಾಗಿ ಅವನ್ನು ಸುಮ್ಮನೆ ತಳ್ಳಿಹಾಕದೆ ಮುಂದೆ ನೋಡೋಣ. ಅದಕ್ಕೆ ಮೊದಲು ಜುಲೈ ಮೊದಲ ದಿನಗಳಿಂದ ಆಗಸ್ಟ್ 10ರವರೆಗಿನ ಆ ಐದೂವರೆ ವಾರಗಳಲ್ಲಿ ಒಳಗೆ ಏನು ನಡೆಯಿತು ಎಂಬುದು ಗೊತ್ತಾಗಬೇಕು. ಹುಟ್ಟಿನಿಂದ ಬರುವ ಹೃದಯದೋಷ ಎಂದರೆ ಚೆನ್ನಾಗಿದ್ದ ಹೃದಯ ಕೆಟ್ಟದ್ದಲ್ಲ. ಕಟ್ಟುವಾಗ ಯಾವುದೋ ಒಂದು ಹಂತ ಆ ಹೊತ್ತಿಗೆ ಮುಗಿಯದೆ ಉಳಿದದ್ದು. ಯಾವ ದೋಷವಿದೆ ಎಂದು ತಿಳಿದರೆ ಕೆಲಸ ನಿಂತದ್ದು ಯಾವ ವಾರ ಎಂದು ಹೆಚ್ಚುಕಡಿಮೆ ಹೇಳಬಹುದು.

ಶುರುವಿನಲ್ಲಿ ಹೃದಯದ ಜೀವಕೋಶಗಳು ಭ್ರೂಣದ ತಲೆಯ ಕಡೆ ಕುದುರೆ ಲಾಳದ ಆಕಾರದಲ್ಲಿ ಹರಡಿಕೊಂಡಿರುತ್ತವೆ. ಅವು ಎಡಕ್ಕೊಂದು ಬಲಕ್ಕೊಂದು ಸಣ್ಣ ಕೊಳವೆಯಾಗಿ, ಭ್ರೂಣ ಮಡಚಿಕೊಳ್ಳುವಾಗ ನಡುವೆ ಬಂದು ಒಂದಾಗುತ್ತವೆ. ಜುಲೈ 7ಕ್ಕೆ ಮಿಡಿದದ್ದು ಈ ಒಂಟಿ ಕೊಳವೆ. ಕೋಣೆಯಿಲ್ಲ, ಕವಾಟವಿಲ್ಲ, ಒಂದು ತುದಿಯಿಂದ ರಕ್ತ ಒಳಗೆ, ಇನ್ನೊಂದು ತುದಿಯಿಂದ ಹೊರಗೆ. ಬಹಳ ಕಾಲ ಈ ಕೊಳವೆಯೇ ಇಡೀ ಹೃದಯ ಎಂದುಕೊಂಡಿದ್ದರು. ಅದು ಬರೀ ತಳಪಾಯ, ಹಿಂದಿನಿಂದ ಇನ್ನೊಂದು ಗುಂಪಿನ ಜೀವಕೋಶಗಳು ಬಂದು ಎರಡೂ ತುದಿಗೆ ಸೇರುತ್ತಾ ಹೋಗುತ್ತವೆ ಎಂದು ಸ್ಪಷ್ಟವಾದದ್ದು 2001ರಲ್ಲಿ. ಎಡ ಕೆಳಕೋಣೆ ಮೊದಲ ಗುಂಪಿನದು. ಬಲ ಕೆಳಕೋಣೆಯ ಬಹುಪಾಲು ಮತ್ತು ರಕ್ತ ಹೊರಹೋಗುವ ನಾಳ ತಡವಾಗಿ ಬಂದ ಎರಡನೇ ಗುಂಪಿನವು. ಈ ಮಾತನ್ನು ನೆನಪಿಡಿ, ನಿಮ್ಮ ಮಗಳ ದೋಷದ ಬೇರು ಇಲ್ಲೇ ಇದೆ.

ಕೊಳವೆ ಬೆಳೆಯುವ ವೇಗಕ್ಕೆ ಅದಿರುವ ಚೀಲ ಬೆಳೆಯುವುದಿಲ್ಲ. ಎರಡೂ ತುದಿ ಕಟ್ಟಿದ ಹಾಗಿರುವುದರಿಂದ ಅದು ಬಾಗಲೇಬೇಕು. 23ರಿಂದ 28ನೇ ದಿನದೊಳಗೆ ಬಲಕ್ಕೆ ಬಾಗಿ ಸುರುಳಿಯಾಗುತ್ತದೆ. ಬಲಕ್ಕೇ ಏಕೆ ಎಂಬುದಕ್ಕೆ ಕಾರಣ ಒಂದು ವಾರ ಮೊದಲೇ ನಿರ್ಧಾರವಾಗಿರುತ್ತದೆ: ಭ್ರೂಣದ ಮೇಲ್ಮೈಯ ಒಂದು ಸಣ್ಣ ಗುಳಿಯಲ್ಲಿ ಕೂದಲಿನಂಥ ಎಳೆಗಳು ಒಂದೇ ದಿಕ್ಕಿಗೆ ತಿರುಗಿ ಸುತ್ತಲಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ, ಅಲ್ಲಿಂದ ‘ಇದು ಎಡ’ ಎಂಬ ಸಂದೇಶ ದೇಹಕ್ಕೆಲ್ಲ ಹೋಗುತ್ತದೆ. ಆ ಎಳೆಗಳು ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೃದಯ ಬಲಕ್ಕೂ ಯಕೃತ್ತು ಎಡಕ್ಕೂ ಇರುತ್ತದೆ. ದಿಕ್ಕು ತೋರಿಸುವವರಿಲ್ಲದಾಗ ನಾಣ್ಯ ಚಿಮ್ಮಿದ ಹಾಗೆ. ಅಂಗಗಳೆಲ್ಲ ಪೂರ್ತಿ ಕನ್ನಡಿಯಂತೆ ಅದಲುಬದಲಾದರೆ ತೊಂದರೆ ಕಡಿಮೆ. ಕೆಲವು ಮಾತ್ರ ತಿರುಗಿ ಕೆಲವು ತಿರುಗದಿದ್ದರೆ ಅತಿ ಕಷ್ಟದ ಹೃದಯದೋಷಗಳು ಹುಟ್ಟುವುದು ಆಗಲೇ.

ಬಾಗಿದ ಕೊಳವೆಯಲ್ಲಿ ಮೇಲುಕೋಣೆ ಮೇಲಕ್ಕೆ, ಕೆಳಕೋಣೆ ಕೆಳಕ್ಕೆ ಬಂದು ಸರಿಯಾದ ಜಾಗದಲ್ಲಿ ಕೂತಿದ್ದಾಯಿತು. ಇನ್ನು ಒಂದನ್ನು ಎರಡಾಗಿ ಸೀಳುವ ಕೆಲಸ. ಇದು ನಾಲ್ಕನೇ ವಾರದ ಕೊನೆಯಿಂದ ಏಳನೇ ವಾರದ ಕೊನೆಯವರೆಗೆ, ನಿಮ್ಮ ಲೆಕ್ಕದಲ್ಲಿ ಜುಲೈ 13ರಿಂದ ಆಗಸ್ಟ್ 3. ಹೆಚ್ಚಿನ ದೋಷಗಳು ಈ ಮೂರು ವಾರಗಳವು. ರಕ್ತ ಹರಿಯುತ್ತಿರುವಾಗಲೇ, ಒಂದು ಮಿಡಿತವೂ ನಿಲ್ಲದೆ ಈ ಕೆಲಸ ಆಗಬೇಕು. ಹೇಮಾವತಿಯ ನೀರು ನಿಲ್ಲಿಸದೆ ನಡುವೆ ತಡೆಗೋಡೆ ಎಬ್ಬಿಸಿದ ಹಾಗೆ.

ಮೇಲು-ಕೆಳಕೋಣೆಗಳ ನಡುವಿನ ಕುತ್ತಿಗೆಯಲ್ಲಿ ಲೋಳೆಯಂಥ ಎರಡು ದಿಂಬುಗಳು ಉಬ್ಬುತ್ತವೆ. ಒಳಪದರದ ಜೀವಕೋಶಗಳು ತಮ್ಮ ಸಾಲು ಬಿಟ್ಟು ಆ ಲೋಳೆಯೊಳಗೆ ತೆವಳಿಕೊಂಡು ಹೋಗಿ ಅದನ್ನು ಗಟ್ಟಿ ಮಾಡುತ್ತವೆ. ಐದನೇ ವಾರದ ಕೊನೆಗೆ ಎರಡು ದಿಂಬುಗಳೂ ಅಂಟಿಕೊಂಡರೆ ಒಂದು ಬಾಗಿಲು ಎರಡಾಯಿತು. ಅಂಟದಿದ್ದರೆ ಹೃದಯದ ನಟ್ಟನಡುವೆ ದೊಡ್ಡ ಬಯಲು ಉಳಿಯುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧಕ್ಕರ್ಧ ಜನರಿಗೆ ಹೃದಯದೋಷವಿರುತ್ತದೆ, ಅದರಲ್ಲಿ ಮುಖ್ಯವಾದದ್ದು ಇದೇ.

ಮೇಲುಕೋಣೆಗಳ ಗೋಡೆಯಲ್ಲಿ ಒಂದು ತೂತು ಬೇಕೆಂದೇ ಬಿಟ್ಟಿರುತ್ತದೆ. ಗರ್ಭದಲ್ಲಿ ಮಗು ಉಸಿರಾಡುವುದಿಲ್ಲ. ತಾಯಿಯಿಂದ ಬಂದ ಒಳ್ಳೆಯ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರ ಎಡಕ್ಕೆ ದಾಟಬೇಕು. ಅದಕ್ಕಾಗಿ ಎರಡು ತೆಳು ಪರದೆಗಳು ಒಂದರ ಪಕ್ಕ ಒಂದು ಇಳಿಯುತ್ತವೆ, ಎರಡರ ಕಿಂಡಿಗಳೂ ಒಂದೇ ನೇರದಲ್ಲಿರುವುದಿಲ್ಲ. ಬಲದಿಂದ ತಳ್ಳಿದರೆ ತೆರೆಯುತ್ತದೆ, ಎಡದಿಂದ ಒತ್ತಿದರೆ ಮುಚ್ಚುತ್ತದೆ. ಹುಟ್ಟಿ ಮೊದಲ ಉಸಿರು ಎಳೆದಾಗ ಎಡಗಡೆಯ ಒತ್ತಡ ಏರಿ ಪರದೆ ಮುಚ್ಚಿಕೊಳ್ಳುತ್ತದೆ. ನಾಲ್ಕು ಜನ ದೊಡ್ಡವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟದೆ ಇರುತ್ತದೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಪರದೆ ಅತಿಯಾಗಿ ಕರಗಿ ಕಿಂಡಿಯನ್ನು ಮುಚ್ಚಲು ಸಾಲದೆ ಹೋದರೆ ಮಾತ್ರ ಅದು ಮೇಲುಕೋಣೆಗಳ ಗೋಡೆಯ ತೂತು, ಡಾಕ್ಟರು ಹೇಳುವ ಎಎಸ್‌ಡಿ.

ಕೆಳಕೋಣೆಗಳ ನಡುಗೋಡೆ ಹಾಗಲ್ಲ, ಅದು ಪೂರ್ತಿ ಮುಚ್ಚಬೇಕು. ತಳದಿಂದ ಸ್ನಾಯುವಿನ ಗೋಡೆ ಮೇಲೇಳುತ್ತದೆ, ಮೇಲಿನಿಂದ ಹೊರನಾಳದ ಗೋಡೆ ಇಳಿಯುತ್ತದೆ, ಪಕ್ಕದಿಂದ ಆ ದಿಂಬುಗಳು ಬಂದು ಕೊನೆಯ ಕಿಂಡಿಯನ್ನು ತುಂಬುತ್ತವೆ. ಮೂರು ಕಡೆಯ ಕೆಲಸ ಒಂದೇ ವಾರ ಒಂದೇ ಬಿಂದುವಿಗೆ ಬಂದು ಸೇರಬೇಕು. ನಡುಗೋಡೆಯ ತೂತುಗಳಲ್ಲಿ ಹೆಚ್ಚಿನವು ಆ ಬಿಂದುವಿನ ಆಸುಪಾಸಿನಲ್ಲೇ ಇರುವುದಕ್ಕೆ ಇದೇ ಕಾರಣ. ಸ್ನಾಯುವಿನ ಭಾಗದಲ್ಲೇ ಉಳಿದ ಸಣ್ಣ ತೂತುಗಳು ಮಗು ಬೆಳೆದಂತೆ ಬಹುಮಟ್ಟಿಗೆ ತಾವೇ ಮುಚ್ಚಿಕೊಳ್ಳುತ್ತವೆ. ನಿಮ್ಮ ಅಕ್ಕಪಕ್ಕದವರು ‘ನಮ್ಮ ಮಗುವಿಗೂ ತೂತಿತ್ತು, ತಾನೇ ಹೋಯಿತು’ ಎಂದು ಹೇಳುವುದು ಅಂಥ ತೂತಿನ ವಿಷಯ. ನಿಮ್ಮ ಮಗಳದ್ದು ಅದಲ್ಲ. ಅದು ತಾನಾಗಿ ಮುಚ್ಚುವುದಿಲ್ಲ, ಕಾಯುತ್ತಾ ಕೂರಬೇಡಿ.

ಈಗ ಹೊರನಾಳಕ್ಕೆ ಬರೋಣ. ಹೃದಯದಿಂದ ರಕ್ತ ಹೊರಡುವ ಆ ಒಂದೇ ನಾಳ ಎರಡಾಗಿ, ಒಂದು ಮೈಗೆ ರಕ್ತ ಒಯ್ಯುವ ಮಹಾಧಮನಿ, ಇನ್ನೊಂದು ಶ್ವಾಸಕೋಶದ ಧಮನಿ ಆಗಬೇಕು. ಈ ಗೋಡೆ ಕಟ್ಟುವವರು ಹೃದಯದ ಜೀವಕೋಶಗಳಲ್ಲ. ಮೆದುಳಿನ ಹಿಂಭಾಗವಾಗಲಿರುವ ಜಾಗದಿಂದ ಹೊರಟು, ಕುತ್ತಿಗೆಯ ಮೂಲಕ ಇಳಿದು ಬಂದ ವಲಸೆಗಾರರು. ನರಶಿಖರದ ಕೋಶಗಳು ಎನ್ನುತ್ತಾರೆ. 1983ರಲ್ಲಿ ಮಾರ್ಗರೆಟ್ ಕರ್ಬಿ ಮತ್ತು ಸಂಗಡಿಗರು ಕೋಳಿಯ ಭ್ರೂಣದಲ್ಲಿ ಈ ಕೋಶಗಳು ಹೊರಡುವ ಜಾಗವನ್ನೇ ತೆಗೆದು ನೋಡಿದರು. ಅಲ್ಲಿಂದ ಎಷ್ಟೋ ದೂರದ ಹೃದಯದಲ್ಲಿ ನಾಳ ಎರಡಾಗಲೇ ಇಲ್ಲ. ಇದೇ ಕೋಶಗಳ ಗುಂಪು ಮುಖ, ಅಂಗುಳ, ಕುತ್ತಿಗೆಯ ಗ್ರಂಥಿಗಳು ರೂಪುಗೊಳ್ಳುವುದಕ್ಕೂ ಬೇಕು. ಫ್ಯಾಲೋ ಇರುವ ಮಗುವಿನ ಅಂಗುಳ ನೋಡುವುದು, ರಕ್ತದಲ್ಲಿ ಕ್ಯಾಲ್ಸಿಯಂ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಗೋಡೆ ನೇರವಾಗಿ ಇಳಿದರೂ ಸಾಲದು, ತಿರುಚಿಕೊಂಡು ಇಳಿಯಬೇಕು. ಮನೆಯಲ್ಲೇ ಮಾಡಿ ನೋಡಿ: ಒಂದಡಿ ಉದ್ದದ ಪಾರದರ್ಶಕ ಪೈಪಿನೊಳಗೆ ಪೈಪಿನಷ್ಟೇ ಅಗಲದ ರಿಬ್ಬನ್ ಇಳಿಬಿಡಿ. ಪೈಪು ಉದ್ದಕ್ಕೂ ಎರಡು ದಾರಿಯಾಯಿತು. ಈಗ ರಿಬ್ಬನ್ನಿನ ಕೆಳತುದಿಯನ್ನು ಅರ್ಧ ಸುತ್ತು ತಿರುಗಿಸಿ. ಮೇಲೆ ಮುಂದಿದ್ದ ದಾರಿ ಕೆಳಗೆ ಹಿಂದೆ ಬಂತು, ಹಿಂದಿದ್ದದ್ದು ಮುಂದೆ ಬಂತು. ಹೃದಯದ ಎಡಕೋಣೆಯಿಂದ ಹೊರಟ ಮಹಾಧಮನಿಯೂ ಬಲಕೋಣೆಯಿಂದ ಹೊರಟ ಶ್ವಾಸಕೋಶದ ಧಮನಿಯೂ ಒಂದನ್ನೊಂದು ಬಳಸಿಕೊಂಡು ಹೋಗುವುದು ಈ ತಿರುಚಿನಿಂದ. ರಿಬ್ಬನ್ ತಿರುಗದೆ ನೇರ ನಿಂತರೆ ನಾಳಗಳು ಅದಲುಬದಲಾಗುತ್ತವೆ, ಆ ಮಗು ಹುಟ್ಟಿದ ದಿನವೇ ನೀಲಿಯಾಗುತ್ತದೆ. ರಿಬ್ಬನ್ನೇ ಇಲ್ಲದಿದ್ದರೆ ಎರಡು ನಾಳದ ಬದಲು ಒಂದೇ ಉಳಿಯುತ್ತದೆ. ರಿಬ್ಬನ್ ತಿರುಗಿದೆ, ಆದರೆ ಪೈಪಿನ ನಡುವಿನಲ್ಲಿ ನಿಲ್ಲದೆ ಮುಂದಕ್ಕೆ ಸರಿದಿದೆ ಎಂದಾದರೆ ಅದು ಫ್ಯಾಲೋ.

ಸರಿದದ್ದು ಎಷ್ಟು? ಆಗ ಇಡೀ ಭ್ರೂಣವೇ ಒಂದೂವರೆ ಸೆಂಟಿಮೀಟರ್ ಆಸುಪಾಸು. ಹೊರನಾಳದ ಗೋಡೆ ಮುಂದೆ ಹೋದದ್ದು ಮಿಲಿಮೀಟರಿನ ಒಂದು ಚೂರು. ಅದರಿಂದ ಏನೇನಾಯಿತು ನೋಡಿ. ಮುಂದಿನ ದಾರಿ, ಅಂದರೆ ಶ್ವಾಸಕೋಶಕ್ಕೆ ಹೋಗುವುದು, ಇಕ್ಕಟ್ಟಾಯಿತು. ಆ ಗೋಡೆ ಕೆಳಗಿಳಿದು ಸ್ನಾಯುಗೋಡೆಯ ತಲೆಯ ಮೇಲೆ ಕೂರಬೇಕಿತ್ತು. ಮುಂದೆ ಹೋದದ್ದರಿಂದ ಎರಡೂ ಸಂಧಿಸಲಿಲ್ಲ, ನಡುವೆ ತೂತು ಉಳಿಯಿತು. ಹಿಂದೆ ಜಾಗ ಹೆಚ್ಚಾಗಿ ಮಹಾಧಮನಿ ದಪ್ಪವಾಗಿ ಆ ತೂತಿನ ಮೇಲೇ ಎರಡೂ ಕೋಣೆಗೆ ಕಾಲು ಚಾಚಿ ಕೂತಿತು. ಇಕ್ಕಟ್ಟಾದ ದಾರಿಯಲ್ಲಿ ರಕ್ತ ದೂಡಬೇಕಾಗಿ ಬಲಕೋಣೆಯ ಸ್ನಾಯು ದಪ್ಪವಾಯಿತು. ನಿಮಗೆ ನಾಲ್ಕು ದೋಷ ಎಂದು ಹೇಳಿದ್ದು ಇವನ್ನೇ. 1888ರಲ್ಲಿ ಫ್ರಾನ್ಸಿನ ವೈದ್ಯ ಫ್ಯಾಲೋ ಈ ನಾಲ್ಕನ್ನೂ ಒಟ್ಟಿಗೆ ವಿವರಿಸಿದ್ದರಿಂದ ಅವನ ಹೆಸರು ನಿಂತಿತು. ‘ನಾಲ್ಕು’ ಎಂದು ಕೇಳಿ ತಾಯಂದಿರು ನಡುಗುತ್ತಾರೆ. ತಪ್ಪಿದ್ದು ಒಂದೇ, ಗೋಡೆ ಸರಿದದ್ದು; ಈ ನಾಲ್ಕೂ ಅದರ ಫಲ.

ಎರಡನೇ ಗುಂಪಿನ ಕೋಶಗಳು ಸಾಕಷ್ಟು ಬಂದು ಸೇರದಿದ್ದರೂ ಹೊರನಾಳ ಗಿಡ್ಡವಾಗಿ, ತಿರುಗಬೇಕಾದಷ್ಟು ತಿರುಗದೆ ಇದೇ ಫಲ ಬರುತ್ತದೆ. ಮತ್ತೊಂದು ಸಂಗತಿ, ಹರಿವು ನಾಳವನ್ನು ಬೆಳೆಸುತ್ತದೆ. ನೀರು ಕಡಿಮೆ ಬಿಟ್ಟ ಕಾಲುವೆ ಹೂಳು ತುಂಬಿ ಕಿರಿದಾಗುವ ಹಾಗೆ, ರಕ್ತ ಕಡಿಮೆ ಹರಿದ ಶ್ವಾಸಕೋಶದ ಧಮನಿ ಗರ್ಭದಲ್ಲಿದ್ದಷ್ಟು ಕಾಲವೂ ಸಣ್ಣದಾಗಿಯೇ ಬೆಳೆಯುತ್ತದೆ. ದೋಷ ಹುಟ್ಟಿದ್ದು ಜುಲೈ-ಆಗಸ್ಟ್‌ನಲ್ಲಿ, ಆದರೆ ಅದರ ತೀವ್ರತೆ ಹುಟ್ಟುವವರೆಗೂ ಬದಲಾಗುತ್ತಿರುತ್ತದೆ. ಎಕೋ ವರದಿಯಲ್ಲಿ ಧಮನಿಯ ಎಡ-ಬಲ ಕವಲುಗಳ ಅಳತೆ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಶಸ್ತ್ರಚಿಕಿತ್ಸೆ ಯಾವಾಗ, ಹೇಗೆ ಎಂದು ನಿರ್ಧಾರವಾಗುವುದು ಬಹುಮಟ್ಟಿಗೆ ಆ ಅಂಕೆಗಳಿಂದ. ಆ ಹಾಳೆಯನ್ನು ಕಳೆಯಬೇಡಿ.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಯಾಕೆ ಕಾಣಲಿಲ್ಲ ಎಂಬ ನೋವು ನಿಮ್ಮ ಮಾತಿನಲ್ಲಿದೆ. ಆಗ ಮಗುವಿನ ಹೃದಯ ಹಣ್ಣಾದ ಕಾಫಿ ಹಣ್ಣಿಗಿಂತ ಸ್ವಲ್ಪ ದೊಡ್ಡದು, ನಿಮಿಷಕ್ಕೆ 140 ಸಲದ ಆಸುಪಾಸು ಮಿಡಿಯುತ್ತಿರುತ್ತದೆ. ಮಾಮೂಲಿ ನೋಟದಲ್ಲಿ ಹೃದಯವನ್ನು ಅಡ್ಡ ಸೀಳಿದಂತೆ ನಾಲ್ಕು ಕೋಣೆ ನೋಡುತ್ತಾರೆ. ಫ್ಯಾಲೋದಲ್ಲಿ ಆ ನಾಲ್ಕೂ ಕೋಣೆ ಚೆನ್ನಾಗಿಯೇ ಕಾಣುತ್ತವೆ! ತಪ್ಪಿರುವುದು ಅದಕ್ಕಿಂತ ಮೇಲೆ, ನಾಳಗಳು ಹೊರಡುವ ಕಡೆ. ಪ್ರೋಬನ್ನು ತಲೆಯ ಕಡೆಗೆ ಓರೆ ಮಾಡಿ ಎರಡೂ ನಾಳಗಳು ಹೊರಡುವ ಜಾಗ, ಆಮೇಲೆ ಮೂರು ನಾಳಗಳು ಸಾಲಾಗಿ ಕಾಣುವ ನೋಟ, ಇವನ್ನು ಹಿಡಿದರೆ ಸಿಗುತ್ತದೆ. ನಾಳಗಳು ಅದಲುಬದಲಾದ ದೋಷವೂ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ವರದಿಯಲ್ಲಿ ‘ನಾಲ್ಕು ಕೋಣೆಯ ನೋಟ ಸರಿಯಿದೆ’ ಎಂದಷ್ಟೇ ಇದ್ದರೆ ಹೊರನಾಳಗಳನ್ನು ನೋಡಿದ್ದಾರೆ ಎಂದು ಅರ್ಥವಲ್ಲ. ಮುಂದಿನ ಸಲ ಇದನ್ನು ಬಾಯಿಬಿಟ್ಟು ಕೇಳಿ.

ಹುಟ್ಟಿದ ಮೇಲೂ ತಪ್ಪಿಸಿಕೊಂಡದ್ದೇಕೆ? ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಯನ್ನು ಗರ್ಭದಲ್ಲಿ ಜೋಡಿಸುವ ಒಂದು ಅಡ್ಡದಾರಿ ಇರುತ್ತದೆ. ಹುಟ್ಟಿ ಎರಡು-ಮೂರು ದಿನದೊಳಗೆ ಅದು ಮುಚ್ಚುತ್ತದೆ. ಅಲ್ಲಿಯವರೆಗೆ ಶ್ವಾಸಕೋಶಕ್ಕೆ ಆ ದಾರಿಯಿಂದ ರಕ್ತ ಸಿಗುತ್ತಿದ್ದು ಮಗು ಗುಲಾಬಿ ಬಣ್ಣದಲ್ಲೇ ಇರುತ್ತದೆ. ಇಕ್ಕಟ್ಟು ಹೆಚ್ಚಿಲ್ಲದ ಫ್ಯಾಲೋ ಇದ್ದರೆ ಮುಚ್ಚಿದ ಮೇಲೂ ಕೆಲವು ವಾರ ನೀಲಿ ಕಾಣದೆ ಇರಬಹುದು. ಹೆರಿಗೆಯಾದ 24 ಗಂಟೆಯ ಮೇಲೆ ಮಗುವಿನ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಚ್ಚಿ ನೋಡುವ ಪರೀಕ್ಷೆಯಿದೆ. ರಕ್ತದ ಆಮ್ಲಜನಕ ನೂರಕ್ಕೆ 95ಕ್ಕೆ ಕಡಿಮೆಯಿಲ್ಲದೆ, ಕೈಕಾಲುಗಳ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದೆ ಇದ್ದರೆ ಸರಿ. 90ಕ್ಕಿಂತ ಕೆಳಗಿದ್ದರೆ ತಕ್ಷಣ ಎಕೋ. ಐದು ನಿಮಿಷದ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ ಪ್ರತಿ ತಾಯಿಯೂ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಇನ್ನು ಕಾರಣ. ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳು ಯಾವುದಾದರೂ ಹೃದಯದೋಷದೊಂದಿಗೆ ಹುಟ್ಟುತ್ತಾರೆ. ಹೆಚ್ಚಿನವರಲ್ಲಿ ಇದೇ ಎಂದು ಬೆರಳಿಟ್ಟು ತೋರಿಸುವ ಒಂದು ಕಾರಣ ಸಿಗುವುದಿಲ್ಲ. ಒಂದೇ ಅಂಡದಿಂದ ಒಡೆದ ಅವಳಿಗಳಲ್ಲೂ, ವಂಶವಾಹಿ ಒಂದೇ, ತಾಯಿಯ ಊಟ ಒಂದೇ, ಆದರೂ ಒಂದು ಮಗುವಿಗೆ ದೋಷವಿದ್ದು ಇನ್ನೊಂದಕ್ಕೆ ಇಲ್ಲದಿರುವುದು ಸಾಮಾನ್ಯ. ಅಷ್ಟು ಕೋಶಗಳು ಅಷ್ಟು ದೂರ ನಡೆದು ಅಷ್ಟು ಕರಾರುವಾಕ್ಕಾಗಿ ಸೇರಬೇಕಾದ ಕೆಲಸದಲ್ಲಿ ಆಕಸ್ಮಿಕಕ್ಕೂ ಪಾಲಿದೆ.

ಗೊತ್ತಿರುವ ಕಾರಣಗಳಲ್ಲಿ ನಿಮಗೆ ಮೊದಲು ಮುಖ್ಯವಾದದ್ದು 22ನೇ ವರ್ಣತಂತುವಿನ ಒಂದು ತುಂಡು ಕಳೆದುಹೋಗಿರುವುದು. ಅಲ್ಲಿ ಟಿಬಿಎಕ್ಸ್1 ಎಂಬ ವಂಶವಾಹಿಯಿದೆ, ಹೊರನಾಳಕ್ಕೆ ಕೋಶ ಒದಗಿಸುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಫ್ಯಾಲೋ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳಲ್ಲಿ ಈ ಕೊರತೆ ಸಿಗುತ್ತದೆ. ಫಿಶ್ ಅಥವಾ ಮೈಕ್ರೋಅರೇ ಎಂಬ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿ, ಏಕೆಂದರೆ ಇದಿದ್ದರೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು, ರೋಗನಿರೋಧಕ ಶಕ್ತಿ ಕಡಿಮೆಯಿದ್ದು ಕೊಡುವ ರಕ್ತವನ್ನು ವಿಕಿರಣಕ್ಕೆ ಒಡ್ಡಿಯೇ ಕೊಡಬೇಕಾಗಬಹುದು, ಜೀವಂತ ವೈರಾಣುವಿರುವ ಲಸಿಕೆಗಳನ್ನು ಡಾಕ್ಟರನ್ನು ಕೇಳಿಯೇ ಹಾಕಿಸಬೇಕಾಗುತ್ತದೆ.

ತಾಯಿಗೆ ಬಸಿರಿಗೆ ಮುಂಚೆಯೇ ಸಕ್ಕರೆ ಕಾಯಿಲೆಯಿದ್ದು ಹತೋಟಿಯಲ್ಲಿಲ್ಲದಿದ್ದರೆ ಅಪಾಯ ಮೂರರಿಂದ ಐದು ಪಟ್ಟು ಏರುತ್ತದೆ. ಆರನೇ-ಏಳನೇ ತಿಂಗಳಲ್ಲಿ ಹೊಸದಾಗಿ ಕಾಣಿಸುವ ಸಕ್ಕರೆ ಹಾಗಲ್ಲ, ಆಗ ಗೋಡೆಗಳೆಲ್ಲ ಎದ್ದಾಗಿರುತ್ತದೆ. ಅದು ಹೆಚ್ಚೆಂದರೆ ಹೃದಯದ ಸ್ನಾಯುವನ್ನು ದಪ್ಪ ಮಾಡುತ್ತದೆ. ಮೊದಲ ವಾರಗಳಲ್ಲಿ ತಗಲುವ ರುಬೆಲ್ಲಾ ಎಂಬ ವೈರಾಣು ಸೋಂಕು ಇನ್ನೊಂದು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಹಾಕಿದ್ದು ನೆನಪಿರಬಹುದು. ಆ ವಯಸ್ಸು ದಾಟಿದ್ದ ನಿಮ್ಮಂಥವರು ರುಬೆಲ್ಲಾ ಐಜಿಜಿ ಪರೀಕ್ಷೆ ಮಾಡಿಸಿ, ರಕ್ಷಣೆ ಇಲ್ಲದಿದ್ದರೆ ಬಸಿರಿಲ್ಲದಾಗ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಬಿಡಬೇಕು. ಫಿಟ್ಸಿಗೆ ಕೊಡುವ ವಾಲ್ಪ್ರೋಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಮದ್ಯ, ಇವೂ ಈ ಪಟ್ಟಿಯಲ್ಲಿವೆ. ಫಿಟ್ಸಿನ ಮಾತ್ರೆಯನ್ನು ಮಾತ್ರ ಯಾರೂ ಹೆದರಿ ತಾವೇ ನಿಲ್ಲಿಸಬಾರದು, ಬಸಿರಿಗೆ ಮುಂಚೆ ಡಾಕ್ಟರ ಬಳಿ ಬದಲಾಯಿಸಿಕೊಳ್ಳಬೇಕು.

ನಿಮ್ಮ ಪಟ್ಟಿಗೆ ಬರೋಣ. ಬೋರ್ಡೊ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡು ದಿನ ನೀರು ಹೊತ್ತದ್ದರಿಂದ ಹೊರನಾಳದ ಗೋಡೆ ಸರಿಯಿತು ಎನ್ನಲು ಆಧಾರವಿಲ್ಲ. ಆ ದಿನಗಳಲ್ಲಿ, ಜೂನ್ ಕೊನೆಗೆ, ಹೃದಯದ ಕೋಶಗಳು ಇನ್ನೂ ಒಂದೆಡೆ ಸೇರಿರಲೂ ಇಲ್ಲ. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಬಳಸುವ ಕೀಟನಾಶಕಗಳ ವಿಷಯದಲ್ಲಿ ನಾನು ಇಷ್ಟು ಧೈರ್ಯವಾಗಿ ಹೇಳುವುದಿಲ್ಲ. ಕೆಲವು ಅಧ್ಯಯನಗಳು ಸಂಬಂಧ ಕಂಡಿವೆ, ಕೆಲವು ಕಂಡಿಲ್ಲ. ಮಗು ಬೇಕೆಂದು ಯೋಚಿಸುತ್ತಿರುವ ತಿಂಗಳಿಂದಲೇ ಕೀಟನಾಶಕ ಕಲಸುವುದು, ಹೊಡೆಯುವುದು, ಹೊಡೆದವರ ಬಟ್ಟೆ ಒಗೆಯುವುದು ಇವನ್ನು ಬೇರೆಯವರಿಗೆ ಬಿಡಿ. ತೋಟದಲ್ಲಿ ಕೂಲಿಗೆ ಬರುವ ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲಬೇಕು. ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕೆ, 200 ಮಿಲಿಗ್ರಾಂ ಕೆಫೀನಿನೊಳಗೆ ನಿಲ್ಲಿಸಬೇಕೆನ್ನುವುದು ಗರ್ಭ ನಿಲ್ಲುವ ಮತ್ತು ಮಗುವಿನ ತೂಕದ ಕಾಳಜಿಗೆ. ಫ್ಯಾಲೋಗೆ ಕಾಫಿ ಕಾರಣವಲ್ಲ. ಘಟ್ಟದ ಎತ್ತರದ ಬಗ್ಗೆಯೂ ಈ ಕಡೆಯವರು ಕೇಳುವುದುಂಟು. ಎತ್ತರದಿಂದ, ಹುಟ್ಟಿದ ಮೇಲೆ ಮುಚ್ಚಬೇಕಾದ ಆ ಅಡ್ಡದಾರಿ ಮುಚ್ಚದೆ ಉಳಿಯುವುದು ನಿಜ, ಆದರೆ ಅದು ಎರಡೂವರೆ-ಮೂರು ಸಾವಿರ ಮೀಟರಿನ ಮೇಲೆ ವಾಸಿಸುವವರಲ್ಲಿ. ಮುಳ್ಳಯ್ಯನಗಿರಿಯ ತುದಿಯೇ ಎರಡು ಸಾವಿರ ಮುಟ್ಟುವುದಿಲ್ಲ.

ಸೋದರಿಕೆಯ ಮದುವೆ: ನೀವು ಮತ್ತು ನಿಮ್ಮವರು ವಂಶವಾಹಿಗಳಲ್ಲಿ ಎಂಟರಲ್ಲಿ ಒಂದು ಪಾಲು ಹಂಚಿಕೊಂಡಿದ್ದೀರಿ. ಸ್ವಂತ ಸೋದರಮಾವನನ್ನೇ ಮದುವೆಯಾದವರಲ್ಲಿ ಅದು ನಾಲ್ಕರಲ್ಲಿ ಒಂದು. ಇಂಥ ಮದುವೆಗಳಲ್ಲಿ ಹೃದಯದೋಷ ಸ್ವಲ್ಪ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೂ ನಿಮ್ಮ ಮಗಳಿಗೆ ಇದರಿಂದಲೇ ಬಂತು ಎಂದು ಹೇಳಲಾಗದು, ಸೋದರಿಕೆಯಿಲ್ಲದ ಮನೆಗಳಲ್ಲೂ ಫ್ಯಾಲೋ ಬರುತ್ತದೆ. ಮಕ್ಕಳ ತಜ್ಞರಿಗೆ ಈ ನೆಂಟಸ್ತಿಕೆಯನ್ನು ಮುಚ್ಚಿಡದೆ ಹೇಳಿ, ಪರೀಕ್ಷೆ ಆರಿಸಲು ಅವರಿಗೆ ಬೇಕಾಗುತ್ತದೆ.

ಇನ್ನೊಂದು ಮಗುವಿಗೆ: 22ನೇ ವರ್ಣತಂತು ಸರಿಯಿದ್ದರೆ ನೂರಕ್ಕೆ ಎರಡು-ಮೂರು ಸಾಧ್ಯತೆ. 97 ಪಾಲು ಸಾಧ್ಯತೆ ನಿಮ್ಮ ಕಡೆಗಿದೆ. ತುಂಡು ಕಳೆದಿದ್ದರೆ ನಿಮ್ಮಿಬ್ಬರ ರಕ್ತವನ್ನೂ ನೋಡಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಮಗುವಿನಲ್ಲೇ ಹೊಸದಾಗಿ ಆದದ್ದಿರುತ್ತದೆ, ತಂದೆ-ತಾಯಿಯಲ್ಲೊಬ್ಬರಿಗೆ ಇದ್ದರೆ ಮಾತ್ರ ಪ್ರತಿ ಬಸಿರಿಗೂ ಅರ್ಧಕ್ಕರ್ಧ. ತಯಾರಿ ಯಾವಾಗ ಎಂಬುದು ಎಲ್ಲಕ್ಕಿಂತ ಮುಖ್ಯ. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆಸಿ ತಾಯಿ ಕಾರ್ಡ್ ಕೊಡುವುದು 12 ವಾರದೊಳಗೆ. ಹೃದಯ ಪೂರ್ತಿಯಾಗುವುದು ಅದೇ ಎಣಿಕೆಯಲ್ಲಿ ಹತ್ತನೇ ವಾರಕ್ಕೆ. ಕಾರ್ಡ್ ಕೈಗೆ ಬಂದ ಮೇಲೆ ಶುರುಮಾಡಿದ ಫೋಲಿಕ್ ಆಮ್ಲ ಹೃದಯದ ಗೋಡೆಗಳಿಗೆ ತಡವಾಯಿತು. ಬಸಿರಿಗೆ ಮೂರು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರುವಾಗಬೇಕು, ನಿಮಗೆ ಹೆಚ್ಚಿನ ಪ್ರಮಾಣ ಬೇಕೇ ಎಂದು ಡಾಕ್ಟರು ಹೇಳುತ್ತಾರೆ. ಬೆನ್ನುಹುರಿಯ ದೋಷ ತಡೆಯುವಲ್ಲಿ ಅದರ ಗುಣ ಖಚಿತವಾಗಿದೆ, ಹೃದಯಕ್ಕೂ ಒಂದಷ್ಟು ನೆರವಾಗುವ ಸೂಚನೆಗಳಿವೆ. ಜೊತೆಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಸಕ್ಕರೆಯಿದ್ದರೆ 6.5ರ ಕೆಳಗೆ ತಂದ ಮೇಲೆ ಮುಂದುವರಿಯಿರಿ. ಬಸಿರಾದ ಮೇಲೆ 18ರಿಂದ 22 ವಾರದೊಳಗೆ ಮಾಮೂಲಿ ಸ್ಕ್ಯಾನಿನ ಜೊತೆ ಫೀಟಲ್ ಎಕೋ (ಗರ್ಭದಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್) ಬೇಕೇಬೇಕು, ಮೊದಲ ಮಗುವಿನ ವರದಿ ಕೈಯಲ್ಲಿ ಹಿಡಿದು ಹೋಗಿ.

ಈಗ ಮಡಿಲಲ್ಲಿರುವ ಮಗಳು. ಬೆಳಗಿನ ಹೊತ್ತು ಎದ್ದು ಅತ್ತಾಗ, ಮಲ ಹೋಗಲು ತಿಣುಕಿದಾಗ, ಹಾಲು ಕುಡಿಯುವಾಗ ತುಟಿ-ಉಗುರು ನೀಲಿಗಟ್ಟಿ ಜೋರಾಗಿ ಆಳವಾಗಿ ಉಸಿರಾಡತೊಡಗಿದರೆ ಅದು ಶ್ವಾಸಕೋಶದ ದಾರಿಯ ಸ್ನಾಯು ಬಿಗಿದುಕೊಂಡದ್ದು. ಎತ್ತಿ ಹೆಗಲಿಗೆ ಒರಗಿಸಿ ಅವಳ ಎರಡೂ ಮಂಡಿಯನ್ನು ಎದೆಗೆ ಮಡಚಿ ಹಿಡಿಯಿರಿ. ಕಾಲಿನ ರಕ್ತನಾಳ ಒತ್ತಿ ಮೈಯ ಕಡೆಯ ಒತ್ತಡ ಏರುತ್ತದೆ, ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ. ಮುಖಕ್ಕೆ ನೀರು ಎರಚಬೇಡಿ, ಬಾಯಿಗೆ ಏನೂ ಹಾಕಬೇಡಿ, ಸುತ್ತ ಜನ ಸೇರಿಸಬೇಡಿ. ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಅಥವಾ ಮಗು ಜೋಲುಬಿದ್ದರೆ ಅದೇ ಭಂಗಿಯಲ್ಲಿ ಹಿಡಿದುಕೊಂಡು 108ರಲ್ಲಿ ಹತ್ತಿರದ ಆಮ್ಲಜನಕವಿರುವ ಆಸ್ಪತ್ರೆಗೆ. ತಾನೇ ಇಳಿದರೂ ಆವತ್ತೇ ಹೃದಯದ ಡಾಕ್ಟರಿಗೆ ತಿಳಿಸಿ. ಆ ಬಿಗಿತ ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧ ಶುರುಮಾಡಿ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ತರುತ್ತಾರೆ. ಭೇದಿ, ವಾಂತಿ, ಜ್ವರ ಇವಳಿಗೆ ಬೇರೆ ಮಕ್ಕಳಿಗಿಂತ ಅಪಾಯ, ಮೈಯ ನೀರು ಇಳಿದರೆ ಇದೇ ಬಿಗಿತ ಬರುತ್ತದೆ. ಹಿಮೋಗ್ಲೋಬಿನ್ 11 ಎಂದು ಬಂದರೆ ಬೇರೆ ಮಗುವಿಗೆ ಸರಿ, ನೀಲಿಗಟ್ಟುವ ಮಗುವಿಗೆ ಅದು ಕಡಿಮೆ. ಕಬ್ಬಿಣದ ಹನಿ ಬೇಕೇ ಎಂದು ಕೇಳಿ.

ಶಸ್ತ್ರಚಿಕಿತ್ಸೆಯಲ್ಲಿ ತೂತಿಗೆ ತೇಪೆ ಹಾಕಿ, ಇಕ್ಕಟ್ಟಿನ ಸ್ನಾಯು ಕತ್ತರಿಸಿ ದಾರಿ ಅಗಲ ಮಾಡುತ್ತಾರೆ. ಹೀಗೆ ಪೂರ್ತಿ ಸರಿಪಡಿಸುವುದು 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮೊದಲು ಆಯಿತು. ಈಗ ಸಾಮಾನ್ಯವಾಗಿ ಮೂರು ತಿಂಗಳಿಂದ ಒಂದು ವರ್ಷದೊಳಗೆ ಮಾಡುತ್ತಾರೆ, ಅನುಭವವಿರುವ ಕಡೆ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಗುಣವಾಗಿ ಮನೆಗೆ ಬರುತ್ತಾರೆ. ಆಮೇಲೂ ವರ್ಷಕ್ಕೊಮ್ಮೆ ಎಕೋ ಜೀವಮಾನವಿಡೀ ಇರುತ್ತದೆ, ಅಗಲ ಮಾಡಿದ ಕವಾಟ ಸೋರತೊಡಗಿ ದೊಡ್ಡವಳಾದ ಮೇಲೆ ಬದಲಾಯಿಸಬೇಕಾಗಬಹುದು. ಖರ್ಚಿನ ವಿಷಯಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ಕಾಣಿ. ಹುಟ್ಟಿನಿಂದ 18 ವರ್ಷದವರೆಗಿನವರ ಹೃದಯದೋಷ ಆ ಯೋಜನೆಯಲ್ಲಿ ಸೇರಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್, ರೇಷನ್ ಕಾರ್ಡ್, ಮಗುವಿನ ಆಧಾರ್ ಜೊತೆಗಿರಲಿ. ಬೆಂಗಳೂರು ಅಥವಾ ಮೈಸೂರಿನ ಕಡೆಗೇ ಹೊರಡುವುದಾದರೆ ಸಲೀಸು. ಮಂಗಳೂರಿಗೆ ಎಂದಾದರೆ ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ನಿಲ್ಲಬೇಕಾಗುವುದುಂಟು. ಹೊರಡುವ ದಿನ ರಸ್ತೆ ತೆರೆದಿದೆಯೇ ವಿಚಾರಿಸಿ, ದಾರಿಯುದ್ದಕ್ಕೂ ಎರಡು ಗಂಟೆಗೊಮ್ಮೆ ಹಾಲು ಕೊಡುತ್ತಾ ಹೋಗಿ.